ಜೀಪಿನೊಳಗಿನ ಸಣ್ಣ ಸದ್ದು

ಹಳೆಯ ಜೀಪಿನ ಡ್ಯಾಶ್‌ಬೋರ್ಡಿನಿಂದ ಕಂಪನಿ ಸೆಟ್ಟನ್ನು, ಅಂದರೆ ಗಾಡಿಯ ಜೊತೆಗೇ ಬಂದ ಹಾಡಿನ ಪೆಟ್ಟಿಗೆಯನ್ನು, ಹೊರಗೆಳೆಯುವ ಹತಾರ ಪೇಟೆಯಲ್ಲಿ ಸಿಗುತ್ತದೆ. ಕಿವಿ ಮೇಷ್ಟ್ರು ಅದನ್ನು ಎಂದೂ ಕೊಂಡವರಲ್ಲ. ಸೈಕಲ್ ಚಕ್ರದ ಹಳೆಯ ಕಡ್ಡಿಗಳನ್ನು ಬಗ್ಗಿಸಿ, ತುದಿಯನ್ನು ಅರದಿಂದ ಉಜ್ಜಿ ಚಪ್ಪಟೆ ಮಾಡಿಟ್ಟುಕೊಂಡಿದ್ದರು. ಸೆಟ್ಟಿನ ಮುಖದ ಎರಡೂ ಬದಿಯಲ್ಲಿರುವ ಸಣ್ಣ ತೂತುಗಳಿಗೆ ಅವನ್ನು ತೂರಿಸಿ ಹೊರಮುಖವಾಗಿ ಒತ್ತಿದರೆ ಒಳಗಿನ ಕೊಕ್ಕೆಗಳು ಟಕ್ಕೆಂದು ಬಿಡುತ್ತವೆ. ಆಮೇಲೆ ಬೆಣ್ಣೆಯಿಂದ ಕೂದಲು ತೆಗೆದಂತೆ ಸೆಟ್ಟು ಕೈಗೆ ಬರುತ್ತದೆ.

ಈಗ ಅವರು ಸೆಟ್ ಕೂರಿಸುವುದಿಲ್ಲ. ಹಾರ್ನು, ಬಲ್ಬು, ವೈಪರ್ ಮೋಟಾರು ನೋಡುತ್ತಾರೆ. ಯಾರಾದರೂ ಹೊಸ ಸ್ಟೀರಿಯೊ ಎಂದು ಬಂದರೆ ಹಿಂದಿನ ಬೀದಿಯ ಅಂಗಡಿಗೆ ದಾರಿ ತೋರಿಸುತ್ತಾರೆ. ಗೋಡೆಗೆ ಸ್ಪೀಕರುಗಳು ತೂಗುತ್ತಿದ್ದ ಕಡೆ ದುಂಡುದುಂಡಾಗಿ ಬಣ್ಣ ಮಾಸದ ಗುರುತುಗಳಿವೆ. ಅದನ್ನು ನೋಡಿ ಗಿರಾಕಿಗಳು ಏನಾದರೂ ಕೇಳಿದರೆ ಅವರು ಬಲ್ಬಿನ ಡಬ್ಬ ಹುಡುಕತೊಡಗುತ್ತಾರೆ.

ಕಿವಿ ಮೇಷ್ಟ್ರು ಎಂಬ ಹೆಸರು ಬಿದ್ದದ್ದು ಅವರು ಇನ್ನೂ ತರುಣರಿದ್ದಾಗ. ಅಂಗಡಿಯೊಳಗೆ ಬೆನ್ನು ಮಾಡಿ ಕೂತಿದ್ದವರು, ಬೀದಿಯಲ್ಲಿ ಹಾಡು ಹಾಕಿಕೊಂಡು ಹೋದ ಕಾರನ್ನು ನೋಡದೆಯೇ, "ಹಿಂದಿನ ಎಡಗಡೆ ಸ್ಪೀಕರ್ ಹರಿದಿದೆ, ಪಾಪ" ಎಂದರಂತೆ. ಪಕ್ಕದಲ್ಲಿ ಪಂಕ್ಚರ್ ಹಾಕುವ, ಎಲ್ಲರೂ ಗಾಳಿ ಮಾಮ ಎಂದು ಕರೆಯುವ ಮನುಷ್ಯ ಓಡಿಹೋಗಿ ಆ ಕಾರನ್ನು ನಿಲ್ಲಿಸಿ ನೋಡಿದ. ಹರಿದಿತ್ತು. ಅಂದಿನಿಂದ ಆ ಅಂಗಡಿ ಸಾಲಿಗೆಲ್ಲ ಅವರು ಮೇಷ್ಟ್ರು.

ಅವರ ಅಂಗಡಿಯಲ್ಲಿ ಒಂದು ಕಟ್ಟಳೆಯಿತ್ತು. ಸೆಟ್ ಕೂರಿಸಿ ಮುಗಿದ ಮೇಲೆ ಮೇಷ್ಟ್ರು ತಾವೇ ಡ್ರೈವರ್ ಸೀಟಿನಲ್ಲಿ ಕೂರುವರು. ಎಂಜಿನ್ ಶುರು ಮಾಡಿ, ಹಾಡು ಹಾಕದೆ, ವಾಲ್ಯೂಮ್ ಮಾತ್ರ ಕೊನೆಯವರೆಗೆ ಏರಿಸಿ, ಕಣ್ಣು ಮುಚ್ಚಿ, ಬಲಗೈಯನ್ನು ಕಿಟಕಿಯಿಂದ ಹೊರಗೆತ್ತಿ ಹಿಡಿಯುವರು. ಕೈ ಮೇಲಿರುವಷ್ಟು ಹೊತ್ತು ಯಾರೂ ಮಾತಾಡುವಂತಿಲ್ಲ. ತಗಡು ಬಡಿಯುವವನು ಸುತ್ತಿಗೆ ಕೆಳಗಿಡುತ್ತಿದ್ದ. "ತಪಸ್ಸಿಗೆ ಕೂತ್ರು ಕಣ್ರೋ" ಎಂದು ಗಾಳಿ ಮಾಮ ಕಂಪ್ರೆಸರ್ ಆರಿಸುತ್ತಿದ್ದ. ಯಾವ ಕೊರೆಯುವ ಸದ್ದೂ ಗುಂಯ್‌ಗುಡುವಿಕೆಯೂ ಇಲ್ಲವೆಂದು ಖಾತ್ರಿಯಾದ ಮೇಲೆ ಕೈ ಇಳಿಯುತ್ತಿತ್ತು. ಇಳಿದ ಮೇಲೆ ಅದೇ ಕೊನೆಯ ಮಾತು. ಆದರೂ ಗಾಡಿಯನ್ನು ಒಂದು ರಾತ್ರಿ ಅಂಗಡಿಯಲ್ಲೇ ಇರಿಸಿಕೊಳ್ಳುತ್ತಿದ್ದರು. ಹೊಸ ಸೆಟ್ಟು ಸುಮ್ಮನಿದ್ದಾಗಲೂ ಬ್ಯಾಟರಿ ಕುಡಿಯುತ್ತದೋ ಏನೋ ಬೆಳಿಗ್ಗೆ ನೋಡಬೇಕಲ್ಲ.

ಆ ಬೆಳಗಿನ ಕೆಲಸ ಭಾಮೈದನದು. ಹೆಂಡತಿಯ ತಮ್ಮ. ಮೇಷ್ಟ್ರ ಮದುವೆಯಾದಾಗ ಅಕ್ಕನ ಸೆರಗು ಹಿಡಿದು ಬಂದ ಹುಡುಗ, ಇದೇ ಅಂಗಡಿಯಲ್ಲಿ ವೈರು ಸುಲಿಯುತ್ತ ದೊಡ್ಡವನಾದ. ಈ ಕಥೆಯ ಹೊತ್ತಿಗೆ ಅವನಿಗೂ ಮದುವೆಯಾಗಿ, ತಲೆಯಲ್ಲಿ ಒಂದೆರಡು ಬಿಳಿ ಕೂದಲು ಬಂದು, ಬೇರೆ ಮನೆ ಮಾಡಿಕೊಂಡಿದ್ದ. ಮೇಷ್ಟ್ರ ಬೆನ್ನು ಬಗ್ಗದಂತಾದ ಮೇಲೆ ಡ್ಯಾಶ್‌ಬೋರ್ಡಿನ ಅಡಿಯ ಕೆಲಸವೆಲ್ಲ ಅವನದೇ. ಅವನು ಅಂಗಾತ ಮಲಗಿ ಒಳಗೆ ತೂರಿಕೊಂಡರೆ ಹೊರಗೆ ಕಾಣುವುದು ಎರಡು ಕಾಲು ಮಾತ್ರ. ಮೇಷ್ಟ್ರು ಆ ಕಾಲುಗಳೊಡನೆ ಮಾತಾಡುತ್ತ ದಿನ ಕಳೆಯುತ್ತಿದ್ದರು.

ಒಂದು ದಿನ ಗಾಳಿ ಮಾಮ ಟ್ಯೂಬನ್ನು ನೀರಿಗೆ ಅದ್ದುತ್ತ ಹೇಳಿದ: "ಏನ್ ಮೇಷ್ಟ್ರೇ, ನೀವು ಬರೋಕೆ ಮುಂಚೆ ನಿಮ್ಮ ಭಾಮೈದ ಒಬ್ಬನೇ ಗಿರಾಕಿ ಗಾಡೀಲಿ ಕೂತು ಎಂಜಿನ್ ಓಡಿಸ್ತಿರ್ತಾನಲ್ಲ. ಸಾಹುಕಾರನ ಸೀಟು ಹೇಗಿದೆ ಅಂತ ನೋಡ್ತಿದಾನಾ?"

"ಬ್ಯಾಟರಿ ನೋಡ್ತಾನೆ ಕಣಯ್ಯ."

"ಬ್ಯಾಟರಿ ನೋಡೋಕೆ ಕಣ್ಣು ಮುಚ್ಚಬೇಕಾ?"

ಮಾಮ ಇದನ್ನು ತಮಾಷೆಗೆ ಹೇಳಿದ್ದ. ಮೇಷ್ಟ್ರೂ ನಕ್ಕರು. ಆದರೆ ಹಿಂದಿನ ಬೀದಿಯಲ್ಲಿ ಗಾಜಿನ ಬಾಗಿಲಿನ ಹೊಸ ಅಂಗಡಿ ತೆರೆದ ದಿನಗಳವು. ಆ ಅಂಗಡಿಯವರು ಭಾಮೈದನನ್ನು ಕೆಲಸಕ್ಕೆ ಕರೆಯುತ್ತಿದ್ದಾರೆ ಎಂಬ ಮಾತು ಸಾಲಿನಲ್ಲಿ ಓಡಾಡುತ್ತಿತ್ತು. ಮೇಷ್ಟ್ರ ಮನಸ್ಸಿನ ಮೂಲೆಯಲ್ಲಿ ಒಂದು ಲೆಕ್ಕ ಶುರುವಾಯಿತು. ಭಾಮೈದ ತಿಂಡಿ ತಿನ್ನದೆ ಓಡಿ ಬಂದು ಅಂಗಡಿ ತೆಗೆಯುವುದು, ಗಿರಾಕಿಗಳೊಡನೆ ತಾನೇ ನಿಂತು ಮಾತಾಡುವುದು, ಮೇಷ್ಟ್ರು ಕೂರುವ ಸೀಟಿನಲ್ಲಿ ಕೂತು ಅವರಂತೆಯೇ ಕಣ್ಣು ಮುಚ್ಚುವುದು, ಎಲ್ಲವೂ ಆ ಲೆಕ್ಕಕ್ಕೆ ಸೇರಿಕೊಂಡವು.

ಇಂಥ ಸಮಯದಲ್ಲಿ ಡಾಕ್ಟ್ರಮ್ಮನ ಜೀಪು ಬಂತು.

ಆಕೆ ದನಕರುಗಳ ಡಾಕ್ಟರು. ಗುಡ್ಡದ ಮೇಲಿನ ಹಟ್ಟಿಗಳಿಗೆಲ್ಲ ಆ ಜೀಪಿನಲ್ಲೇ ಹೋಗುತ್ತಿದ್ದರು. ನಾಲ್ಕೂ ಚಕ್ರ ಎಳೆಯುವ, ಈಗ ತಯಾರಾಗದ, ಚೌಕದ ಮೂತಿಯ ಗಾಡಿ. ಬಾಗಿಲು ತೆರೆದರೆ ಹುಲ್ಲು, ಹಗ್ಗ, ಔಷಧದ ವಾಸನೆ ಒಟ್ಟಿಗೇ ಮುಖಕ್ಕೆ ಬಡಿಯುತ್ತಿತ್ತು. ಹಿಂದಿನ ಸೀಟಿನ ಕೆಳಗೆ ಮೊಣಕಾಲುದ್ದದ ರಬ್ಬರ್ ಬೂಟು. ಕಂಪನಿ ಸೆಟ್ಟು ರೇಡಿಯೊ, ಕ್ಯಾಸೆಟ್ಟು ಎರಡೂ ಇದ್ದ ಹಳೆಯ ಮಾದರಿ. ಒಂದು ಗುಂಡಿ ಬಿದ್ದುಹೋಗಿ ಆ ಜಾಗದಲ್ಲಿ ಸಿರಿಂಜಿನ ಮುಚ್ಚಳ ಸಿಕ್ಕಿಸಿತ್ತು. ಕ್ಯಾಸೆಟ್ಟಿನ ಬಾಯಿ ತುಂಬ ಹುಲ್ಲಿನ ಪುಡಿ.

"ನನಗೆ ಹಾಡು ಬೇಡ ಮೇಷ್ಟ್ರೇ, ಫೋನ್ ಬೇಕು" ಎಂದರು ಡಾಕ್ಟ್ರಮ್ಮ. "ಗುಡ್ಡದ ದಾರೀಲಿ ಒಂದು ಕೈ ಸ್ಟೇರಿಂಗಿಗೆ, ಇನ್ನೊಂದು ಗೇರಿಗೆ. ಹಸು ಕರು ಹಾಕ್ತಿದೆ, ಹಿಂಗಾಲು ಮುಂಚೆ ಬಂದಿದೆ ಅಂತ ಫೋನ್ ಬಂದ್ರೆ ಮೂರನೇ ಕೈ ಎಲ್ಲಿಂದ ತರ್ಲಿ?"

"ಮೂರನೇ ಕೈ ಕೂರಿಸಿ ಕೊಡ್ತೀವಿ ಬಿಡಿ" ಎಂದರು ಮೇಷ್ಟ್ರು.

ಫೋನಿನ ಮಾತು ಸ್ಪೀಕರಿನಲ್ಲೇ ಬರುವ ಹೊಸ ಸೆಟ್ಟಿಗಾಗಿ ಹಳೆಯ ಸೆಟ್ಟು ಹೊರಗೆ ಬಂತು. ಭಾಮೈದ ಒಳಗೆ ತೂರಿಕೊಂಡ. ಸ್ವಲ್ಪ ಹೊತ್ತಿಗೆ ಕಾಲುಗಳ ಕಡೆಯಿಂದ ಮಾತು ಬಂತು.

"ಭಾವ, ಕಂಪನಿ ವೈರಿನ ಬಣ್ಣ ಒಂದೂ ನಂಬೋ ಹಾಗಿಲ್ಲ. ನಡುವೆ ಯಾರೋ ಕೈಯಾಡಿಸಿದಾರೆ. ಹಳದೀಲಿ ಕರೆಂಟೇ ಇಲ್ಲ, ನೀಲೀಲಿ ಬರ್ತಿದೆ. ಅರ್ತ್ ಪಟ್ಟಿ ಅಂತೂ ಮುಟ್ಟಿದರೆ ಪುಡಿ."

ಅರ್ತ್ ಎಂದರೆ ಸೆಟ್ಟಿಗೆ ಬಂದ ಕರೆಂಟು ಬ್ಯಾಟರಿಗೆ ಮರಳುವ ದಾರಿ. ಹಳೆಯ ಸೆಟ್ಟಿನ ಬೆನ್ನಿಗಿದ್ದ ಲೋಹದ ಪಟ್ಟಿ ಜೀಪಿನ ಮೈಗೆ ಬಿಗಿದು ಆ ಕೆಲಸ ಮಾಡುತ್ತಿತ್ತು. ಈಗ ಅದೂ ತುಕ್ಕು, ಅದು ಕೂತ ಜಾಗವೂ ತುಕ್ಕು. ಈ ದಾರಿ ಸಡಿಲವಾದರೆ ಎಂಜಿನ್ ಪಕ್ಕದಲ್ಲಿ ತಿರುಗುತ್ತ ಬ್ಯಾಟರಿ ತುಂಬುವ ಆಲ್ಟರ್ನೇಟರಿನ ಗದ್ದಲ ಸ್ಪೀಕರಿಗೆ ನುಗ್ಗುತ್ತದೆ. ಕೊಂಯ್ ಎನ್ನುವ ಸಣ್ಣ ಸದ್ದು. ಆಕ್ಸಲರೇಟರ್ ಒತ್ತಿದಷ್ಟೂ ಏರುವಂಥದು.

"ಬ್ಯಾಟರಿಯಿಂದಲೇ ಬೇರೆ ವೈರ್ ಎಳೀಲಾ ಭಾವ?"

"ಅಷ್ಟೆಲ್ಲ ಯಾಕೆ? ಸಿಗರೇಟ್ ಲೈಟರಿನ ಅರ್ತಿಗೆ ಸೇರಿಸು. ಸದ್ದು ಬಂದ್ರೆ ನನಗೆ ಗೊತ್ತಾಗಲ್ವಾ?"

ಕಾಲುಗಳು ಒಂದು ಕ್ಷಣ ಅಲ್ಲಾಡಲಿಲ್ಲ. ಆಮೇಲೆ, "ಸರಿ, ಗಾಡಿ ರಾತ್ರಿ ಇಲ್ಲೇ ಇರುತ್ತಲ್ಲ" ಎಂಬ ಉತ್ತರ ಬಂತು.

ಗಾಡಿ ರಾತ್ರಿ ಅಲ್ಲಿರಲಿಲ್ಲ. ಸಂಜೆಯ ಹೊತ್ತಿಗೆ ಡಾಕ್ಟ್ರಮ್ಮನಿಗೆ ಫೋನ್ ಬಂತು, ಕುದುರೆಯೊಂದು ಹೊಟ್ಟೆನೋವಿನಿಂದ ಹೊರಳಾಡುತ್ತಿದೆ ಎಂದು. ಈಗಲೇ ಹೋಗಬೇಕು ಎಂದರು. ಮೇಷ್ಟ್ರು ಸೀಟಿನಲ್ಲಿ ಕೂತು ಕೈ ಎತ್ತಿದರು. ಸಾಲು ಸುಮ್ಮನಾಯಿತು. ಕೈ ಇಳಿಯಿತು.

"ಭಾವ, ಇನ್ನೊಂದು ಸಲ ಕೇಳಿ" ಎಂದ ಭಾಮೈದ.

"ಏನು?"

"ಕೊಂಯ್ ಅಂತಿದೆ."

"ಎಲ್ಲಿ?"

ಭಾಮೈದ ಬಾಗಿಲಿನಿಂದ ಬಗ್ಗಿ, ಕೈಯಲ್ಲೇ ಆಕ್ಸಲರೇಟರ್ ಒತ್ತಿದ. "ಈಗ ನೋಡಿ, ಏರ್ತಿದೆ."

"ಡೀಸೆಲ್ ಎಂಜಿನ್ ಕಣೋ. ಕೂಗದೆ ಲಾಲಿ ಹಾಡುತ್ತಾ?"

"ಎಂಜಿನ್ ಅಲ್ಲ ಭಾವ, ಸ್ಪೀಕರಲ್ಲಿ."

"ಏನೋ ಸಣ್ಣಗೆ ಬರ್ತಿದೆ ಅನ್ಸುತ್ತೆ ಮೇಷ್ಟ್ರೇ" ಎಂದರು ಡಾಕ್ಟ್ರಮ್ಮ. "ಇರ್ಲಿ ಬಿಡಿ, ಆಮೇಲೆ ಬರ್ತೀನಿ."

ಇಡೀ ಸಾಲು ನೋಡುತ್ತಿತ್ತು. ಗಾಳಿ ಮಾಮ ಕಂಪ್ರೆಸರಿನ ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ನಿಂತಿದ್ದ. ಮನಸ್ಸಿನ ಮೂಲೆಯಲ್ಲಿ ಕೂಡಿಟ್ಟಿದ್ದ ಲೆಕ್ಕವೆಲ್ಲ ಮೇಷ್ಟ್ರ ಬಾಯಿಗೆ ಬಂತು. ಗಿರಾಕಿಯ ಎದುರು ನನ್ನನ್ನು ಇಳಿಸಿ, ತಾನು ಏರಲು ಹೊರಟಿದ್ದಾನೆ. ಅವರಿಗೆ ಅನ್ನಿಸಿದ್ದು ಅಷ್ಟೇ.

"ನಿನ್ನ ಅಕ್ಕನ ಮುಖ ನೋಡಿ ಇಷ್ಟು ವರ್ಷ ಅನ್ನ ಹಾಕ್ದೆ" ಎಂದರು. "ಬಿಟ್ಟಿ ಕೂಳು ತಿಂದೋನು ನನ್ನ ಕಿವಿಗೇ ಪಾಠ ಹೇಳ್ತಾನೆ."

ಭಾಮೈದ ಚಿಂದಿ ಬಟ್ಟೆಯಲ್ಲಿ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ. ಮೇಷ್ಟ್ರು ಇಳಿದ ಮೇಲೆ ಜೀಪಿನ ಸೀಟನ್ನು ಮೊದಲಿದ್ದ ಜಾಗಕ್ಕೆ ಸರಿಸಿದ, ಡಾಕ್ಟ್ರಮ್ಮ ಕುಳ್ಳಗಿದ್ದರು. ಆಮೇಲೆ "ಬರ್ತೀನಿ ಭಾವ" ಎಂದು ನಡೆದುಹೋದ. ಮರುದಿನ ಅಂಗಡಿಯ ಬಾಗಿಲನ್ನು ಮೇಷ್ಟ್ರೇ ತೆಗೆದರು.

ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಿಗೆ ದಿನಗಳು ಬೇಗ ಹೋಗುತ್ತವೆ. ಬೆನ್ನು ನೋಯುತ್ತಿದ್ದರೂ ಮೇಷ್ಟ್ರು ತಾವೇ ಡ್ಯಾಶ್‌ಬೋರ್ಡಿನ ಕೆಳಗೆ ತೂರಿದರು. ಕಾಲುಗಳೊಡನೆ ಮಾತಾಡುವ ಅಭ್ಯಾಸವಿದ್ದವರಿಗೆ ಈಗ ತಮ್ಮದೇ ಕಾಲು ಹೊರಗಿತ್ತು, ಅದರೊಡನೆ ಮಾತಾಡುವವರಿರಲಿಲ್ಲ. ಸೆಟ್ ಕೂರಿಸಿದ ಗಾಡಿಗಳು ಒಂದೊಂದಾಗಿ ವಾಪಸ್ಸು ಬರತೊಡಗಿದವು. ಹಾಲಿನ ವ್ಯಾನಿನವನು ಸೀಟಿ ಹೊಡೀತಿದೆ ಎಂದ. ಶಾಲೆಯ ಬಸ್ಸಿನವನು ಮಕ್ಕಳೆಲ್ಲ ಕಿವಿ ಮುಚ್ಕೋತಾರೆ ಎಂದ. "ಜನಕ್ಕೆ ಫೋನಿನಲ್ಲಿ ಹಾಡು ಕೇಳಿ ಕೇಳಿ ಕಿವಿ ಕೆಟ್ಟಿದೆ" ಎಂದು ಮೇಷ್ಟ್ರು ಗಾಳಿ ಮಾಮನಿಗೆ ಹೇಳಿದರು. ಮಾಮ ಯಾವ ಕೀಟಲೆಯನ್ನೂ ಮಾಡದೆ ಚಕ್ರ ತಿರುಗಿಸಿದ. ಮನೆಯಲ್ಲಿ ಹೆಂಡತಿ ಮಾತು ಬಿಟ್ಟಿರಲಿಲ್ಲ, ಕಡಿಮೆ ಮಾಡಿದ್ದರು. ವಾರಕ್ಕೊಮ್ಮೆ ಸೀರೆ ಬದಲಿಸಿ ತಮ್ಮನ ಮನೆಗೆ ಹೋಗಿ ಬರುತ್ತಿದ್ದರು. ಅಲ್ಲಿ ಏನಾಯಿತೆಂದು ಇವರು ಕೇಳುತ್ತಿರಲಿಲ್ಲ, ಆಕೆ ಹೇಳುತ್ತಿರಲಿಲ್ಲ.

ಡಾಕ್ಟ್ರಮ್ಮ ಮತ್ತೆ ಬಂದದ್ದು ಹೆಡ್‌ಲೈಟಿನ ಬಲ್ಬಿಗೆ. ಮೇಷ್ಟ್ರು ಜೀಪಿನ ಮೂತಿಗೆ ಬಗ್ಗಿ ಗಾಜಿನ ತಿರುಪು ಬಿಚ್ಚುತ್ತಿದ್ದರು. ಡಾಕ್ಟ್ರಮ್ಮ ಅವರ ಬೆನ್ನ ಹಿಂದೆ ನಿಂತು, ಚೀಲದಿಂದ ಔಷಧದ ಪೆಟ್ಟಿಗೆಗಳ ಸಣ್ಣ ಕೀಲಿಗಳ ಗೊಂಚಲು ತೆಗೆದು ಎಡಗಿವಿಯ ಹತ್ತಿರ ಅಲ್ಲಾಡಿಸಿದರು. ಬಲಗಿವಿಯ ಹತ್ತಿರವೂ ಅಲ್ಲಾಡಿಸಿದರು. ದೂರದಲ್ಲಿದ್ದ ಗಾಳಿ ಮಾಮ ತಿರುಗಿ, "ಯಾರದ್ರೀ ಕೀಲಿ ಬಿತ್ತು?" ಎಂದ. ಮೇಷ್ಟ್ರು ತಿರುಪು ಬಿಚ್ಚುತ್ತಲೇ ಇದ್ದರು.

ಡಾಕ್ಟ್ರಮ್ಮ ಎದುರಿಗೆ ಬಂದರು. "ಬೈಬೇಡಿ ಮೇಷ್ಟ್ರೇ. ನನ್ನ ಹತ್ರ ಮುದಿ ನಾಯಿಗಳನ್ನ ಕರ್ಕೊಂಡು ಬರ್ತಾರೆ. ಕರೆದ್ರೆ ಬರಲ್ಲ ಡಾಕ್ಟ್ರೇ, ಸೊಕ್ಕು ಬಂದಿದೆ ಅಂತಾರೆ. ನಾನು ಹಿಂದೆ ನಿಂತು ಹೀಗೆ ಕೀಲಿ ಅಲ್ಲಾಡಿಸ್ತೀನಿ. ಸೊಕ್ಕಾಗಿದ್ರೆ ಕಿವಿ ತಿರುಗುತ್ತೆ."

"ಮನುಷ್ಯರ ಕಿವಿ ಎಲ್ಲಿ ತಿರುಗುತ್ತೆ ಡಾಕ್ಟ್ರಮ್ಮ" ಎಂದು ಮೇಷ್ಟ್ರು ನಗಲು ನೋಡಿದರು.

ಆಕೆ ಗೊಂಚಲನ್ನು ಅವರ ಕೈಗೆ ಕೊಟ್ಟರು. ಮೇಷ್ಟ್ರು ತಾವೇ ಅದನ್ನು ಕಿವಿಯ ಪಕ್ಕ ಹಿಡಿದು ಅಲ್ಲಾಡಿಸಿದರು. ಕೀಲಿಗಳು ಒಂದಕ್ಕೊಂದು ಬಡಿಯುವುದು ಬೆರಳಿಗೆ ತಿಳಿಯುತ್ತಿತ್ತು. ಅಲ್ಲಿಂದ ಬರಬೇಕಾದ ಕಿಣಿಕಿಣಿ ಬರಲಿಲ್ಲ. ಮಾತು ಕೇಳುತ್ತಿತ್ತು, ಲಾರಿ ಕೇಳುತ್ತಿತ್ತು, ತಗಡಿನ ಪೆಟ್ಟು ಕೇಳುತ್ತಿತ್ತು. ಸಣ್ಣ, ತೆಳು, ಎತ್ತರದ ಸದ್ದುಗಳಷ್ಟೇ ಯಾವಾಗಲೋ ಹೇಳದೆ ಕೇಳದೆ ಎದ್ದುಹೋಗಿದ್ದವು. ಜೀವನವಿಡೀ ಸ್ಪೀಕರುಗಳಿಗೆ ಮುಖ ಕೊಟ್ಟು ಕೂತದ್ದರ ಫಲ ಎಂದು ಆಮೇಲೆ ಮನುಷ್ಯರ ಕಿವಿಯ ಡಾಕ್ಟರೂ ಹೇಳಿದರು.

"ಆ ಸದ್ದು ಇವತ್ತಿಗೂ ಇದೆಯಾ?" ಎಂದು ಮೇಷ್ಟ್ರು ಜೀಪಿನ ಕಡೆ ಕೈ ಮಾಡಿ ಕೇಳಿದರು.

"ಇದೆ. ಫೋನ್ ಮಾಡಿದವರು, ಏನ್ ಡಾಕ್ಟ್ರೇ ಸೊಳ್ಳೆ ಗೂಡಲ್ಲಿ ಕೂತಿದೀರಾ ಅಂತಾರೆ."

"ಅವತ್ತೇ ಗಟ್ಟಿಯಾಗಿ ಹೇಳಬಾರದಿತ್ತಾ?"

"ನಿಮ್ಮ ಮನೆ ಜಗಳ ಅಂದ್ಕೊಂಡೆ" ಎಂದರು ಡಾಕ್ಟ್ರಮ್ಮ.

ಆ ಸಂಜೆ ಮೇಷ್ಟ್ರು ಮನೆಗೆ ಹೋಗಿ ಹೆಂಡತಿಯ ಎದುರು ಕೂತರು. ಆಕೆ ಹೊಲಿಗೆ ಯಂತ್ರದ ಮುಂದೆ ಇದ್ದರು.

"ನನಗೆ ಕಿವಿ ಮಂದವಾಗಿದೆಯಂತೆ."

ಯಂತ್ರ ನಿಂತಿತು. "ಗೊತ್ತು."

"ಗೊತ್ತಿದ್ದೂ ಹೇಳಲಿಲ್ಲ?"

"ಹೇಳಿದವನಿಗೆ ಏನು ಮಾಡಿದ್ರಿ, ನೋಡಿದೆನಲ್ಲ." ಆಕೆ ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡರು. "ಬಾಗಿಲ ಗಂಟೆ ಹೊಡೆದ್ರೆ ನೀವು ಏಳೋದು ನಿಲ್ಲಿಸಿದ್ರಿ. ಸೋಮಾರಿತನ ಅಂದ್ಕೊಂಡೆ. ಅವನು ಅಂಗಡೀಲಿ ನನಗಿಂತ ಮೊದಲೇ ಕಂಡುಹಿಡಿದಿದ್ದ. ಅಕ್ಕ, ಭಾವನಿಗೆ ಹೇಳ್ಬೇಡ, ಕಿವಿ ಮೇಷ್ಟ್ರು ಅಂತ ಊರೆಲ್ಲ ಕರೆಯೋವಾಗ ಇದು ಗೊತ್ತಾದ್ರೆ ಕುಗ್ಗಿಹೋಗ್ತಾರೆ ಅಂದ."

"ಮತ್ತೆ ಗಾಡಿಗಳು?"

"ಬೆಳಿಗ್ಗೆ ತಿಂಡಿ ಬಿಟ್ಟು ಯಾಕೆ ಓಡ್ತಿದ್ದ ಅಂದ್ಕೊಂಡ್ರಿ? ನೀವು ಪಾಸು ಮಾಡಿದ ಗಾಡೀಲೆಲ್ಲ ಒಂದ್ಸಲ ಕೂತು ಕೇಳ್ತಿದ್ದ. ಸದ್ದಿದ್ರೆ ನೀವು ಬರೋದರೊಳಗೆ ಬಿಚ್ಚಿ ಸರಿ ಮಾಡ್ತಿದ್ದ. ಎಷ್ಟು ದಿನದಿಂದ ಅಂತ ನನ್ನ ಕೇಳ್ಬೇಡಿ, ಅವನೂ ಎಣಿಸಿಲ್ಲ. ಡಾಕ್ಟ್ರಮ್ಮನ ಜೀಪು ಮಾತ್ರ ರಾತ್ರಿ ನಿಲ್ಲಲಿಲ್ಲ. ಬಾಯಿ ಬಿಡಲೇಬೇಕಾಯ್ತು."

ಮೇಷ್ಟ್ರು ಎದ್ದು ನೀರು ಕುಡಿಯಲು ಅಡುಗೆಮನೆಗೆ ಹೋದರು. ತುಂಬ ಹೊತ್ತು ಹೊರಗೆ ಬರಲಿಲ್ಲ. ಹೆಂಡತಿಯೂ ಕರೆಯಲಿಲ್ಲ.

ಭಾಮೈದ ಹಿಂದಿನ ಬೀದಿಯ ಅಂಗಡಿಗೆ ಹೋಗಿರಲಿಲ್ಲ. ಆ ಊಹೆಯೂ ತಪ್ಪಾಗಿತ್ತು. ಅವನು ಸೆಟ್ಟಿನ ಕೆಲಸವನ್ನೇ ಬಿಟ್ಟು ಒಂದು ದೊಡ್ಡ ಕಟ್ಟಡದಲ್ಲಿ ಲಿಫ್ಟ್ ನೋಡಿಕೊಳ್ಳುವವನಾಗಿದ್ದ. ಮೇಷ್ಟ್ರು ಅಲ್ಲಿಗೆ ಹೋದಾಗ ಅವನು ತಾರಸಿಯ ಮೇಲಿನ ಯಂತ್ರದ ಕೋಣೆಯಲ್ಲಿದ್ದ. ಹಸಿರು ಬಣ್ಣದ ದೊಡ್ಡ ಗಾಲಿಯ ಮೇಲೆ ಗ್ರೀಸು ಮೆತ್ತಿದ ಹಗ್ಗಗಳು ಏರಿಳಿಯುತ್ತಿದ್ದವು. ಅವರನ್ನು ನೋಡಿದ ಕೂಡಲೇ ಎದ್ದು, ಒಂದು ಮರದ ಪೆಟ್ಟಿಗೆಯನ್ನು ಒರೆಸಿ ಮುಂದಿಟ್ಟ.

"ಕೂತ್ಕೊಳ್ಳಿ ಭಾವ. ಮೆಟ್ಟಿಲು ಹತ್ತಿ ಬಂದ್ರಾ? ಲಿಫ್ಟ್ ಇತ್ತಲ್ಲ."

"ನೀನು ನೋಡ್ಕೊಳ್ಳೋ ಲಿಫ್ಟಲ್ಲಿ ಯಾವ ಮುಖ ಹೊತ್ತು ಬರ್ಲಿ?" ಮೇಷ್ಟ್ರು ಕೂತರು. "ತಪ್ಪಾಯ್ತು ಕಣೋ."

"ಬಿಡಿ ಭಾವ."

"ಬೆಳಿಗ್ಗೆ ಮಾಡ್ತಿದ್ದದ್ದು ನಿನ್ನ ಅಕ್ಕ ಹೇಳಿದ್ಲು. ಅಂಗಡಿಗೆ ಬಾ. ಇನ್ಮೇಲೆ ಕೇಳೋ ಕೆಲಸ ನಿಂದು. ನಾನು ವೈರ್ ಹಿಡ್ಕೊಂಡು ನಿಂತಿರ್ತೀನಿ."

ಗಾಲಿ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಭಾಮೈದ ಅದು ನಿಲ್ಲುವವರೆಗೆ ಕಾದು, ಎದುರಿಗೆ ಬಂದು ಕೂತು, ಅವರಿಗೆ ತಿಳಿಯುವಂತೆ ಬಿಡಿಸಿ ಹೇಳಿದ: "ಭಾವ, ಕಿವಿ ವಿಷಯ ನಾನು ಯಾವತ್ತೋ ಹೊಟ್ಟೆಗೆ ಹಾಕ್ಕೊಂಡಿದ್ದೆ. ನಾನೂ ತಪ್ಪು ಮಾಡ್ದೆ. ಮುಚ್ಚಿಡಬಾರದಿತ್ತು, ಒಬ್ಬರೇ ಇರೋವಾಗ ಹೇಳಬೇಕಿತ್ತು. ಆದ್ರೆ ಅವತ್ತು ಇನ್ನೊಂದು ಮಾತು ಅಂದ್ರಲ್ಲ, ಅನ್ನದ್ದು. ಅದು ಇಳೀತಾ ಇಲ್ಲ. ಪ್ರಯತ್ನ ಮಾಡಿದೀನಿ."

ಮೇಷ್ಟ್ರು ತಲೆ ತಗ್ಗಿಸಿದರು.

"ಡಾಕ್ಟ್ರಮ್ಮನ ಜೀಪು ಮಾಡಿಕೊಡ್ತೀನಿ" ಎಂದ ಭಾಮೈದ. "ಅದು ನಾನು ಅರ್ಧಕ್ಕೆ ಬಿಟ್ಟು ಬಂದ ಕೆಲಸ. ಅಷ್ಟೇ ಭಾವ."

ರಜೆಯ ದಿನ ಬೆಳಿಗ್ಗೆ ಡಾಕ್ಟ್ರಮ್ಮನ ಅಂಗಳದಲ್ಲಿ ಆ ಕೆಲಸ ನಡೆಯಿತು. ಭಾಮೈದ ಸೆಟ್ಟನ್ನು ಹೊರಗೆಳೆದು, ಲೈಟರಿಗೆ ಸೇರಿಸಿದ್ದ ಅರ್ತ್ ಬಿಚ್ಚಿ, ಎಂಜಿನ್ನಿಗೂ ಕಾಲಿಡುವ ಜಾಗಕ್ಕೂ ನಡುವಿನ ತಗಡಿನಲ್ಲಿದ್ದ ರಬ್ಬರ್ ಬಿರಡೆಯ ಮೂಲಕ ದಪ್ಪ ಕಪ್ಪು ವೈರೊಂದನ್ನು ನೇರ ಬ್ಯಾಟರಿಗೆ ಎಳೆದ. ಮೇಷ್ಟ್ರು ಟಾರ್ಚು ಹಿಡಿದಿದ್ದರು. "ಸ್ವಲ್ಪ ಎಡಕ್ಕೆ ಭಾವ." "ಇಲ್ಲಾ?" "ಇನ್ನೂ ಕೆಳಗೆ. ಹಾಂ, ಅಲ್ಲೇ." ಕಾಲುಗಳು ಹೊರಗಿದ್ದವು. ಒಂದೆರಡು ಸಲ ಮೇಷ್ಟ್ರು ಹಳೆಯ ಧಾಟಿಯಲ್ಲಿ ಏನೋ ಹೇಳಲು ಬಾಯಿ ತೆರೆದು ಮುಚ್ಚಿದರು.

ಎಂಜಿನ್ ಶುರುವಾಯಿತು. ವಾಲ್ಯೂಮ್ ಏರಿತು. ಭಾಮೈದ ಆಕ್ಸಲರೇಟರ್ ಒತ್ತಿ ಬಿಟ್ಟು ಮತ್ತೆ ಒತ್ತಿದ.

"ಹೋಯ್ತು!" ಎಂದರು ಡಾಕ್ಟ್ರಮ್ಮ. "ಪೂರ್ತಿ ಹೋಯ್ತು."

ಮೇಷ್ಟ್ರು ಹೌದೆನ್ನುವಂತೆ ತಲೆಯಾಡಿಸಿದರು. ಅವರ ಪಾಲಿಗೆ ಜೀಪು ಅಂದು ಹೇಗಿತ್ತೋ ಈಗಲೂ ಹಾಗೇ ಇತ್ತು. ಭಾಮೈದ ಅವರ ಮುಖ ನೋಡಲಿಲ್ಲ, ಬೇಕೆಂದೇ ಹತಾರ ಜೋಡಿಸುತ್ತ ನಿಂತ. ಚಹಾ ಆಗುತ್ತಿದೆ ಎಂದರೆ ಕೆಲಸವಿದೆ ಎಂದ. ಮೇಷ್ಟ್ರು ಗೇಟಿನವರೆಗೆ ಹೋದರು.

"ಒಂದ್ಸಲ ಮನೆ ಕಡೆ ಬಾರೋ. ನಿನ್ನ ಅಕ್ಕನಿಗೂ..."

"ಅಕ್ಕ ಬರ್ತಿರ್ತಾಳಲ್ಲ ಭಾವ" ಎಂದು ಅವನು ಬೈಕು ಹತ್ತಿದ.

ಡಾಕ್ಟ್ರಮ್ಮ ಮೇಷ್ಟ್ರನ್ನು ಜೀಪಿನಲ್ಲೇ ಅಂಗಡಿಗೆ ಬಿಡಲು ಹೊರಟರು. ದಾರಿಯಲ್ಲಿ ಫೋನ್ ಬಂತು. ಗುಡ್ಡದ ಮೇಲಿನ ಹಟ್ಟಿಯವರು, ಹಸುವಿನ ಕೆಚ್ಚಲು ಊದಿದೆ ಎನ್ನುತ್ತಿದ್ದರು. ಮಾತಿನ ನಡುವೆ ನಿಲ್ಲಿಸಿ, "ಡಾಕ್ಟ್ರೇ, ಇವತ್ತು ನಿಮ್ಮ ಸೊಳ್ಳೆ ಎಲ್ಲಿ ಹೋಯ್ತು? ಎಷ್ಟು ಚೆನ್ನಾಗಿ ಕೇಳ್ತಿದೆ! ಯಾರು ಮಾಡಿದ್ದು? ನಮ್ಮ ಗಾಡೀದೂ ಇದೇ ಗೋಳು" ಎಂದರು.

ಡಾಕ್ಟ್ರಮ್ಮ ಪಕ್ಕಕ್ಕೆ ನೋಡಿದರು. ಮೇಷ್ಟ್ರು ಸೆಟ್ಟಿನ ಕಡೆ ಬಗ್ಗಿದರು.

"ನನ್ನ ಭಾಮೈದ ಮಾಡಿದ್ದು" ಎಂದರು. "ಆದ್ರೆ ಅವನು ಈಗ ಈ ಕೆಲಸ ಮಾಡಲ್ಲ."

"ಅಯ್ಯೋ, ಅಂಥ ಕೈಯಿರೋನು ಯಾಕೆ ಬಿಟ್ಟ?"

"ಬಿಡಲಿಲ್ಲ. ನಾನು ಬಿಡಿಸ್ದೆ."

ಆ ಕಡೆಯವರು ಹಸುವಿನ ವಿಷಯಕ್ಕೆ ಮರಳಿದರು.